ಬಂಜುಲ್‌ಗೆ ಹೋಗಲೇಬೇಕೇ?

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾಕ್ಕೆ ಬರುವವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯಿದು: "ಬಂಜುಲ್‌ನಲ್ಲಿ ನೋಡುವಂಥದ್ದು ಏನಿದೆ? ಅಲ್ಲಿಗೆ ಹೋಗಲೇಬೇಕೇ?" ಪ್ರಶ್ನೆ ಹುಟ್ಟುವುದು ಸಹಜ. ವಿಮಾನ ನಿಲ್ದಾಣಕ್ಕೆ ಬಂಜುಲ್ ಎಂಬ ಹೆಸರಿದ್ದರೂ ಅದಿರುವುದು ರಾಜಧಾನಿಯಾದ ಆ ಊರಿನಿಂದ ಬಲು ದೂರದ ಯುಂಡುಮ್‌ನಲ್ಲಿ. ಅಲ್ಲಿಂದ ಟ್ಯಾಕ್ಸಿಗಳು ನೇರವಾಗಿ ಕೊಲೊಲಿ, ಕೊಟು ಕಡೆಯ ಹೋಟೆಲುಗಳ ದಾರಿ ಹಿಡಿಯುತ್ತವೆ. ವಾರವಿಡೀ ಮರಳಿನ ಮೇಲೆ ಬಿಸಿಲು ಕಾಯಿಸಿಕೊಂಡು, ರಾಜಧಾನಿಯತ್ತ ತಲೆ ಹಾಕದೆ ಮರಳುವವರು ಬೇಕಾದಷ್ಟು ಮಂದಿ.

ನನ್ನ ಉತ್ತರ, ಹೋಗಲೇಬೇಕು. ಕಡಲತೀರದಲ್ಲಿ ನಿಮಗೆ ಸಿಗುವುದು ಬಿಸಿಲು; ಗ್ಯಾಂಬಿಯಾ ಸಿಗುವುದು ನದಿಯಲ್ಲಿ. ಆ ನದಿ ಅಟ್ಲಾಂಟಿಕ್ ಸೇರುವ ಬಾಯಿಯಲ್ಲೇ ಬಂಜುಲ್ ಇದೆ.

ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಆಫ್ರಿಕಾದ ಮುಖ್ಯ ಭೂಭಾಗದಲ್ಲಿ ಇಷ್ಟು ಚಿಕ್ಕ ದೇಶ ಇನ್ನೊಂದಿಲ್ಲ. ಮೂರು ಕಡೆ ಸೆನೆಗಲ್, ಒಂದು ಕಡೆ ಸುಮಾರು 80 ಕಿಲೋಮೀಟರ್ ಕರಾವಳಿ. ಒಳನಾಡಿನತ್ತ 300 ಕಿಲೋಮೀಟರ್‌ಗೂ ಹೆಚ್ಚು ಚಾಚಿಕೊಂಡಿರುವ ನೆಲದ ಅಗಲ ಎಲ್ಲಿಯೂ 50 ಕಿಲೋಮೀಟರ್ ದಾಟುವುದಿಲ್ಲ. ನದಿ ಹೊರಳಿದಲ್ಲೆಲ್ಲ ಗಡಿಯೂ ಹೊರಳುತ್ತದೆ. ಬ್ರಿಟಿಷರ ಹಡಗಿನ ಫಿರಂಗಿ ಗುಂಡು ಬಿದ್ದಲ್ಲಿಗೆ ಗಡಿ ಎಂದು ಗೆರೆ ಎಳೆದರಂತೆ ಎಂಬ ಕಥೆಯನ್ನು ಇಲ್ಲಿ ಯಾರಾದರೂ ಹೇಳುತ್ತಾರೆ. ದಾಖಲೆಯಲ್ಲಿರುವುದು 1889ರ ಒಪ್ಪಂದ: ಬ್ರಿಟನ್ ಮತ್ತು ಫ್ರಾನ್ಸ್ ದೂರದ ಪ್ಯಾರಿಸ್‌ನಲ್ಲಿ ಕುಳಿತು, ನದಿಯ ಎರಡೂ ದಡಗಳಿಂದ ಸುಮಾರು 10 ಕಿಲೋಮೀಟರ್ ಅಳೆದು ಹಂಚಿಕೊಂಡವು. ಮಂಡಿಂಕಾ, ವೊಲೊಫ್, ಫುಲಾ, ಜೋಲಾ ಜನರ ನಂಟು ಇಂದಿಗೂ ಗಡಿಯ ಆಚೀಚೆ ಹಬ್ಬಿದೆ. ಆದರೆ ಈಚೆಯ ಕಚೇರಿಗಳಲ್ಲಿ ಇಂಗ್ಲಿಷ್, ಆಚೆ ಫ್ರೆಂಚ್. ಸೆನೆಗಲ್‌ನ ಉತ್ತರದಿಂದ ದಕ್ಷಿಣಕ್ಕೆ ಹೋಗುವ ಲಾರಿಗಳು ಈ ನದಿಯ ದಡದಲ್ಲಿ ದಿನಗಟ್ಟಲೆ ದೋಣಿಗಾಗಿ ಕಾಯುತ್ತಿದ್ದವು. ಫರಾಫೆನ್ನಿಯ ಬಳಿ ಸೇತುವೆ ತೆರೆದದ್ದು 2019ರಲ್ಲಿ.

ಬಂಜುಲ್ ಹುಟ್ಟಿದ್ದೂ ನದಿಯ ಕಾವಲಿಗಾಗಿಯೇ. ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿದ ಬ್ರಿಟಿಷರು, ಆ ಹಡಗುಗಳನ್ನು ತಡೆಯಲು 1816ರಲ್ಲಿ ನದೀಮುಖದ ಈ ದ್ವೀಪದಲ್ಲಿ ನೆಲೆಯೂರಿ, ಊರಿಗೆ ಬಾಥರ್ಸ್ಟ್ ಎಂದು ಹೆಸರಿಟ್ಟರು. ಇಲ್ಲಿ ಆರು ಫಿರಂಗಿಗಳ ಸಾಲು, ಎದುರು ದಡದ ಬಾರಾದಲ್ಲಿ ಫೋರ್ಟ್ ಬುಲೆನ್. ಪ್ರವಾಸಿ ಮಾರ್ಗದರ್ಶಿಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನನಗೆ ಸಂಕಟವಾಗುತ್ತದೆ. ಏಕೆಂದರೆ ಅದಕ್ಕೂ ಮೊದಲು ಒಂದೂವರೆ ಶತಮಾನ ಕಾಲ ಅದೇ ನದಿಯ ಜೇಮ್ಸ್ ದ್ವೀಪದ ಕೋಟೆಯಿಂದ ಮನುಷ್ಯರನ್ನು ಹಡಗಿಗೆ ತುಂಬಿ ಕಳುಹಿಸಿದವರಲ್ಲಿ ಬ್ರಿಟಿಷರೇ ಮುಖ್ಯರು. ಈಗ ಕುಂಟಾ ಕಿಂಟೆ ದ್ವೀಪ ಎಂದು ಹೆಸರು ಪಡೆದಿರುವ ಆ ಜಾಗವೂ, ಈ ಫಿರಂಗಿಗಳೂ, ಬಾರಾದ ಕೋಟೆಯೂ 2003ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಒಟ್ಟಿಗೆ ಸೇರಿವೆ. ಒಟ್ಟಿಗೇ ನೋಡಬೇಕಾದವು ಅವು. ದೇಶ 1965ರಲ್ಲಿ ಸ್ವತಂತ್ರವಾಯಿತು. ಊರಿಗೆ ಬಂಜುಲ್ ಎಂಬ ಹೆಸರು ಬಂದದ್ದು 1973ರಲ್ಲಿ.

ಊರು ಚಿಕ್ಕದು. 2013ರ ಜನಗಣತಿಯಲ್ಲಿ ಇಲ್ಲಿದ್ದವರು 31 ಸಾವಿರದಷ್ಟು ಮಂದಿ. ದ್ವೀಪದಲ್ಲಿ ಬೆಳೆಯಲು ಜಾಗವಿಲ್ಲದೆ ಜನ ದ್ವೀಪದಾಚೆಯ ಸೆರೆಕುಂಡಾದ ಕಡೆ ವಲಸೆ ಹೋದರು. ಕೆಲಸಕ್ಕೆ ಬೆಳಿಗ್ಗೆ ಬರುತ್ತಾರೆ, ಸಂಜೆ ಮರಳುತ್ತಾರೆ. ಆದ್ದರಿಂದ ಬೆಳಗಿನ ಹೊತ್ತಿನಲ್ಲೇ ಹೋಗಿ, ಮೊದಲು ಆಲ್ಬರ್ಟ್ ಮಾರುಕಟ್ಟೆಗೆ. ಹೊರಗೆ ಬಟ್ಟೆ, ಚಪ್ಪಲಿ, ಮೊಬೈಲ್ ಅಂಗಡಿಗಳು. ಅವುಗಳನ್ನು ದಾಟಿ ಒಳಕ್ಕೆ ನಡೆದರೆ ಹೊಗೆಯಲ್ಲಿ ಒಣಗಿಸಿದ ಬೊಂಗಾ ಮೀನಿನ ಘಾಟು ಮೂಗಿಗೆ ಬಡಿಯುತ್ತದೆ. ಬಾಟಲಿಗಳಲ್ಲಿ ಕೆಂಪಗೆ ಹೊಳೆಯುವ ತಾಳೆ ಎಣ್ಣೆ, ಬಾವೊಬಾಬ್ ಹಣ್ಣಿನ ಬಿಳಿ ತಿರುಳು, ವೊಂಜೊ ಶರಬತ್ತಿಗೆ ಬೇಕಾದ ಒಣ ಪುಂಡಿ ಹೂವು. ಶೇಂಗಾವನ್ನು ನುಣ್ಣಗೆ ಅರೆದ ಮುದ್ದೆಯ ರಾಶಿಯ ಹಿಂದೆ ಕುಳಿತ ಹೆಂಗಸು ಅದನ್ನು ಚಮಚದಿಂದ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ ಕೊಡುತ್ತಾಳೆ. ಮನೆಯಲ್ಲಿ ಅದು ಡೊಮೊಡಾ ಎಂಬ ದಪ್ಪನೆಯ ಸಾರಾಗಿ ಅನ್ನದ ಮೇಲೆ ಬೀಳುತ್ತದೆ. ಈ ದೇಶದ ಬೊಕ್ಕಸವನ್ನು ಬಹುಕಾಲ ತುಂಬಿದ ಬೆಳೆ ಶೇಂಗಾ. ಅಂಗಡಿಯವರನ್ನು ಬೆಲೆ ಕೇಳುವ ಮೊದಲು ಸಲಾಂ ಹೇಳಿ, ಮನೆಮಂದಿಯ ಕ್ಷೇಮ ವಿಚಾರಿಸಿ. ಇದು ಇಲ್ಲಿ ಬರಿಯ ಉಪಚಾರವಲ್ಲ; ಅದಿಲ್ಲದೆ ಮಾತೇ ಶುರುವಾಗುವುದಿಲ್ಲ.

ಊರಿನ ಬಾಗಿಲಲ್ಲಿ ನಿಂತಿರುವ 35 ಮೀಟರ್ ಎತ್ತರದ ಆರ್ಚ್ 22 ಎಲ್ಲ ಫೋಟೋಗಳಲ್ಲೂ ಇರುತ್ತದೆ. ಸೇನಾಧಿಕಾರಿ ಯಾಹ್ಯಾ ಜಾಮೆ ಅಧಿಕಾರ ಕಿತ್ತುಕೊಂಡ 1994ರ ಜುಲೈ 22ರ ನೆನಪಿಗೆ ಕಟ್ಟಿಸಿದ್ದು ಅದು. ನಾನು ಅದಕ್ಕಿಂತ ಹೆಚ್ಚಾಗಿ ನೆನೆಯುವುದು ಬೇರೊಂದು ದಿನವನ್ನು. 2016ರ ಡಿಸೆಂಬರ್ ಚುನಾವಣೆಯಲ್ಲಿ ಜನ ಆತನನ್ನು ಸೋಲಿಸಿದರು. ಮೊದಲು ಸೋಲೊಪ್ಪಿಕೊಂಡ ಆತ ಆಮೇಲೆ ಕುರ್ಚಿ ಬಿಡಲೊಲ್ಲೆನೆಂದ. ಗೆದ್ದ ಅದಾಮಾ ಬಾರೊ 2017ರ ಜನವರಿ 19ರಂದು ಪ್ರಮಾಣವಚನ ಸ್ವೀಕರಿಸಿದ್ದು ಸೆನೆಗಲ್‌ನ ರಾಜಧಾನಿ ಡಾಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ. ನೆರೆದೇಶಗಳ ಸೇನೆ ಗಡಿ ದಾಟಿದ ಮೇಲೆ ಜಾಮೆ ದೇಶ ಬಿಟ್ಟರು. ಇಷ್ಟು ಚಿಕ್ಕ ದೇಶ ಮತಪತ್ರದ ಬದಲು ಗಾಜಿನ ಗೋಲಿಗಳಿಂದ ಮತ ಹಾಕಿ 22 ವರ್ಷಗಳ ಆಳ್ವಿಕೆಯನ್ನು ಕೊನೆಗೊಳಿಸಿತು. ಗೋಲಿ ಡಬ್ಬದೊಳಗೆ ಬಿದ್ದಾಗ ಗಂಟೆ ಬಾರಿಸುತ್ತದೆ. ಎರಡು ಸಲ ಬಾರಿಸಿದರೆ ಮೋಸ ಗೊತ್ತಾಗುತ್ತದೆ. ಇದನ್ನು ನಾನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ.

ಬಂಜುಲ್ ದ್ವೀಪವನ್ನು ಸೇರಿಸುವ ಡೆಂಟನ್ ಸೇತುವೆಯ ಬಳಿ ಗಾಡಿ ನಿಲ್ಲಿಸಲು ಹೇಳಿ. ಸಿಂಪಿಗಳು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನೀರಿಗಿಳಿದ ಬೇರುಗಳಿಗೆ ಗೊಂಚಲಾಗಿ ಅಂಟಿಕೊಂಡು ಬೆಳೆಯುತ್ತವೆ. ಹೆಂಗಸರು ದೋಣಿಯಲ್ಲಿ ಹೋಗಿ ಅವನ್ನು ಬಿಡಿಸಿ ತಂದು, ಬೇಯಿಸಿ, ಮಾಂಸ ಮಾರುತ್ತಾರೆ. ರಾಶಿ ಬಿದ್ದ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುತ್ತಾರೆ. ಬೇರು ಕಡಿದರೆ ಮುಂದಿನ ವರ್ಷ ಸಿಂಪಿ ಇಲ್ಲ ಎಂಬುದು ಅವರಿಗೆ ಗೊತ್ತು. ಅವರ ಸಂಘಟನೆಯೇ ಕೊಯ್ಲಿಗೆ ರಜೆಯ ತಿಂಗಳುಗಳನ್ನು ಜಾರಿಗೆ ತಂದಿದೆ. ಸಮುದ್ರ ಮಟ್ಟಕ್ಕಿಂತ ಹೆಚ್ಚೇನೂ ಎತ್ತರವಿಲ್ಲದ ಈ ರಾಜಧಾನಿಗೆ ಏರುವ ಕಡಲಿನಿಂದ ರಕ್ಷೆ ಕೊಡುವ ಕಾಡೂ ಇದೇ.

ಸಮಯವಿದ್ದರೆ ನದಿಯ ಮೇಲ್ಮುಖವಾಗಿ ಹೋಗಿ: ಜಂಜಂಬುರೆ, ಅಲ್ಲಿಂದ ವಾಸುವಿನ ಶಿಲಾವೃತ್ತಗಳು, ನೀರಾನೆಗಳು. ಪಕ್ಷಿ ನೋಡುವವರಿಗಂತೂ ವಾರ ಸಾಲದು.

ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ನವೆಂಬರ್ ನಂತರ ಬರುವುದು ಒಳ್ಳೆಯದು. ಇಲ್ಲಿನ ಹಣವಾದ ಡಲಾಸಿ ನಗದಾಗಿ ಕೈಯಲ್ಲಿರಲಿ. ಅಧ್ಯಕ್ಷರ ಭವನ, ಪೊಲೀಸರು, ಸೈನಿಕರ ಫೋಟೋ ತೆಗೆಯಬೇಡಿ. ಉಳಿದವರದ್ದನ್ನೂ ಕೇಳಿ ತೆಗೆಯಿರಿ. ಒಂದೇ ದಿನ ಇದೆಯೆಂದರೆ ಬೆಳಿಗ್ಗೆ ಮಾರುಕಟ್ಟೆ ಮುಗಿಸಿ, ಮಧ್ಯಾಹ್ನ ಬಾರಾಕ್ಕೆ ಫೆರ್ರಿ ಹತ್ತಿ. ಕಾರು, ಕುರಿ, ಅಕ್ಕಿ ಮೂಟೆ, ಶಾಲೆಯ ಮಕ್ಕಳು ಎಲ್ಲ ಒಂದೇ ಅಟ್ಟಣೆಯ ಮೇಲೆ ದಾಟುತ್ತಾರೆ. ಅದು ಹೊರಡುವ ಹೊತ್ತನ್ನು ನಂಬಿ ಸಂಜೆಯ ವಿಮಾನ ಮಾತ್ರ ಇಟ್ಟುಕೊಳ್ಳಬೇಡಿ.