ಬೆರಳು ತೋರಿಸಿದ ಹೀಚು

ನಮ್ಮ ಹೈಸ್ಕೂಲಿನ ಬೋರ್‌ವೆಲ್ ಹಿಂದಿನ ಜಾಗದಲ್ಲಿ ಈಗ ಸೈಕಲ್ ನಿಲ್ಲಿಸುತ್ತಾರಂತೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಲ್ಲಿ ಸಿಹಿಗುಂಬಳದ ಬಳ್ಳಿ ಹಬ್ಬಿತ್ತು. ಮಕ್ಕಳು ತಟ್ಟೆ ತೊಳೆದ ನೀರೆಲ್ಲ ಅಲ್ಲಿಗೇ ಹರಿಯುತ್ತಿತ್ತು. ಬಿಸಿಯೂಟದ ಸಾಂಬಾರಿಗೆ ಆಗುತ್ತದೆ ಅಂತ ವಿಜ್ಞಾನದ ಮೇಡಂ ನಮ್ಮ ಕೈಯಿಂದ ಹತ್ತು ಗುಣಿ ತೆಗೆಸಿ ಬೀಜ ಹಾಕಿಸಿದ್ದರು.

ಬಳ್ಳಿ ಚೆನ್ನಾಗಿ ಹಬ್ಬಿತು. ಹೂವೂ ಬಿಟ್ಟಿತು. ಹೀಚು ಮಾತ್ರ ನಿಲ್ಲಲಿಲ್ಲ. ಹಳದಿಯಾಗಿ, ಮುರುಟಿ ಉದುರುತ್ತಿತ್ತು. "ಯಾರೋ ಬೆರಳು ತೋರಿಸಿದ್ದಾರೆ ಮೇಡಂ" ಅಂದೆವು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು ಅಲ್ವಾ? ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು. ಇದಕ್ಕೇ ನಮ್ಮಜ್ಜಿ ನನ್ನ ಕೈಮೇಲೆ ಎಷ್ಟು ಸಲ ಹೊಡೆದಿದ್ದಳೋ.

ಮೇಡಂ ನಗಲಿಲ್ಲ. ಮೂಢನಂಬಿಕೆ ಅಂತಲೂ ಅನ್ನಲಿಲ್ಲ. "ಹೌದೋ ಅಲ್ವೋ, ನೋಡೇ ಬಿಡೋಣ" ಅಂದರು. ಅವರ ಆ ಮಾತಿಗಾಗಿಯೇ ನಾನು ಇವತ್ತು ಇದನ್ನು ಬರೆಯುತ್ತಿರುವುದು.

ಮೊದಲು ಹೂವನ್ನು ಸರಿಯಾಗಿ ನೋಡಲು ಕಲಿಸಿದರು. ಗಂಡು ಹೂವಿಗೆ ಉದ್ದನೆಯ ಸಪೂರ ತೊಟ್ಟು. ಹೆಣ್ಣು ಹೂವಿನ ಕೆಳಗೆ ಗೋಲಿಯಂಥ ಪುಟ್ಟ ಕಾಯಿ, ಅರಳುವ ಮೊದಲೇ. ಗಂಡು ಹೂವಿನ ಪರಾಗ ಬಂದು ತಾಗಿದರೆ ಮಾತ್ರ ಅದು ಬೆಳೆಯುವುದು. ಈ ಪರಾಗ ಅಂಟು ಅಂಟು, ಗಾಳಿಗೆ ಹಾರುವುದಿಲ್ಲ. ಜೇನೇ ಹೊತ್ತು ತರಬೇಕು. ಬೆಳಗಿನ ಜಾವ ಅರಳಿದ ಹೂವು ಮಧ್ಯಾಹ್ನದೊಳಗೆ ಮುದುಡುತ್ತದೆ. ಒಂದು ಹೂವಿಗೆ ಒಂದೇ ಬೆಳಗು.

ಮೂವತ್ತು ಹೆಣ್ಣು ಮೊಗ್ಗು ಆರಿಸಿಕೊಂಡೆವು. ನಾಳೆ ಅರಳುವ ಮೊಗ್ಗಿನ ತುದಿ ಇವತ್ತು ಸಂಜೆಗೇ ಹಳದಿ ತಿರುಗಿರುತ್ತದೆ. ಅಂಥವಕ್ಕೆ ಪೇಪರ್ ಚೀಲ ಕಟ್ಟುತ್ತಿದ್ದೆವು. ಹತ್ತಕ್ಕೆ ಪರಾಗ ಮುಟ್ಟಿಸಲೇ ಇಲ್ಲ. ಅವಕ್ಕೆ ಬಿಳಿ ದಾರ. ಉಳಿದ ಇಪ್ಪತ್ತಕ್ಕೆ ಬೆಳಿಗ್ಗೆ ಆರೂವರೆಗೆ ಬಂದು, ಗಂಡು ಹೂವಿನ ಎಸಳು ಕಿತ್ತು, ಒಳಗಿನ ಪರಾಗ ತಾಗಿಸಿ, ಮತ್ತೆ ಚೀಲ ಕಟ್ಟುವುದು. ಅದರಲ್ಲಿ ಹತ್ತಕ್ಕೆ ಹಸಿರು ದಾರ, ಹತ್ತಕ್ಕೆ ಕೆಂಪು. ಕೆಂಪು ದಾರದವಕ್ಕೆ ಏಳು ದಿನ, ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಬೆರಳು ತೋರಿಸಬೇಕು. ಮೊದಲ ದಿನ ಒಬ್ಬರ ಕೈಯೂ ಮೇಲೇಳಲಿಲ್ಲ. ನನ್ನ ಗೆಳತಿಯೊಬ್ಬಳು ಅತ್ತೇಬಿಟ್ಟಳು. ಮೇಡಂ ಅವಳನ್ನು ಒತ್ತಾಯ ಮಾಡಲಿಲ್ಲ, ಲೆಕ್ಕ ಬರೆಯುವ ಕೆಲಸ ಕೊಟ್ಟರು.

ಬಿಳಿ ದಾರದ ಹತ್ತೂ ಉದುರಿದವು. ಕೆಂಪಿನಲ್ಲಿ ಏಳು ನಿಂತವು. ಹಸಿರಿನಲ್ಲಿ ಆರು.

ನಮಗೆ ಕುಣಿಯುವಷ್ಟು ಖುಷಿ. ಮೇಡಂಗೆ ಮಾತ್ರ ಸಮಾಧಾನವಿಲ್ಲ. "ಪರಾಗ ಸಿಕ್ಕಿದ ಮೇಲೂ ಏಳು ಯಾಕೆ ಹೋದವು?" ಅಂತ ಕೇಳಿದರು. ಕೊಳೆತ ಹೀಚುಗಳನ್ನು ಬ್ಲೇಡಿನಲ್ಲಿ ಸೀಳಿದೆವು. ಮೂರರಲ್ಲಿ ಬಿಳಿ ಹುಳ ಮಿಜಿಮಿಜಿ ಅನ್ನುತ್ತಿದ್ದವು. ಹಣ್ಣುನೊಣ ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಚುಚ್ಚಿದ ಜಾಗ ಕೊಳೆಯುತ್ತದೆ. ಉಳಿದ ನಾಲ್ಕರಲ್ಲಿ ಏನೂ ಕಾಣಲಿಲ್ಲ. ಒಂದೇ ಬಳ್ಳಿಯಲ್ಲಿ ಕಾಯಿ ಜಾಸ್ತಿಯಾದರೆ ಬಳ್ಳಿಯೇ ಕೆಲವನ್ನು ಬಿಟ್ಟುಬಿಡುತ್ತದೆ, ಅದೂ ಇರಬಹುದು ಅಂದರು. "ಇರಬಹುದು ಅಂತಲೇ ಬರೀರಿ" ಅಂದರು.

ಅದೇ ವರ್ಷ ಅಲಸಂದೆ ಗಿಡ ಕಿತ್ತು ಬೇರಿನ ಗಂಟು ಸೀಳಿ, ಒಳಗಿನ ನಸುಗೆಂಪು ನೋಡಿದ್ದೂ ನೆನಪಿದೆ. ನಮ್ಮ ರಕ್ತದ ಕೆಂಪಿಗೂ ಅದಕ್ಕೂ ಸಂಬಂಧ ಇದೆ ಅಂದಾಗ ಮೈ ಜುಮ್ಮೆಂದಿತ್ತು. ಆದರೆ ನನ್ನೊಳಗೆ ಉಳಿದದ್ದು ಕುಂಬಳವೇ.

ಮನೆಯಲ್ಲಿ ಅಜ್ಜಿಗೆ ಎಲ್ಲ ಹೇಳಿದೆ. ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಹಂಗಾದ್ರೆ ಬೆಳಿಗ್ಗೆ ಎದ್ದು ಔಷಧಿ ಹೊಡೆದ್ರೆ ಜೇನು ಸಾಯ್ತಾವಲ್ಲ ಮಗಾ" ಅಂದಳು. ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಲ್ಲಿಂದಾಚೆ ನಮ್ಮ ಹಿತ್ತಲಲ್ಲಿ ಔಷಧಿ ಹೊಡೆಯುವುದಿದ್ದರೆ ಹೂವು ಮುದುಡಿದ ಮೇಲೆ, ಸಂಜೆಗೆ. ಹೀಚಿಗೆ ಬೆರಳು ಮಡಚುವುದನ್ನು ಮಾತ್ರ ಅಜ್ಜಿ ಕೊನೆಯವರೆಗೂ ಬಿಡಲಿಲ್ಲ. ನಾನೂ ಬಿಡು ಅನ್ನಲಿಲ್ಲ.

ಈಗ ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ತಾರಸಿ ಮೇಲೆ ಡ್ರಮ್ಮಿನಲ್ಲಿ ಕುಂಬಳ ಹಾಕಿದ್ದೇನೆ. ಜೇನು ಬರುವುದು ಕಡಿಮೆ. ಆಫೀಸಿಗೆ ಹೊರಡುವ ಮೊದಲು ನಾನೇ ಪರಾಗ ಮುಟ್ಟಿಸುತ್ತೇನೆ.

ಆ ಲೆಕ್ಕದ ಪುಸ್ತಕವನ್ನು ಮೇಡಂ ಲ್ಯಾಬಿನ ಬೀರುವಿನಲ್ಲಿ ಇಟ್ಟಿದ್ದರು. ನೀಲಿ ರಟ್ಟಿನ ಇನ್ನೂರು ಪುಟದ ನೋಟ್‌ಬುಕ್. ಈಗಿನ ಮಕ್ಕಳಿಗೆ ಸಿಕ್ಕಿದರೆ ತೆಗೆದು ನೋಡಿ. ನನ್ನ ಗೆಳತಿಯ ದುಂಡು ಅಕ್ಷರ ಇರುತ್ತದೆ. ಹಿಂದೆ ತುಂಬ ಹಾಳೆ ಖಾಲಿ ಉಳಿದಿವೆ.