ಪರಿಸರ ವಿಜ್ಞಾನವೊಂದನ್ನೇ ಓದಬೇಡಿ

ಕೆಲಸ ಮಾಡುತ್ತಾ ಪಾರ್ಟ್‌ಟೈಮ್ ಓದುತ್ತಿದ್ದೇನೆ ಅಂದರೆ ಜನ ಖುಷಿಪಡುತ್ತಾರೆ. ಪರಿಸರ ವಿಜ್ಞಾನ, ಸಾಮಾಜಿಕ ನೀತಿ (ಸರ್ಕಾರದ ಯೋಜನೆ, ಸೌಲಭ್ಯಗಳು ಜನರನ್ನು ಹೇಗೆ ಮುಟ್ಟುತ್ತವೆ ಅನ್ನುವ ಓದು) ಎರಡನ್ನೂ ಒಟ್ಟಿಗೆ ಅಂದ ಕೂಡಲೇ ಒಂದು ಪ್ರಶ್ನೆ ಬಂದೇ ಬರುತ್ತದೆ. ಇರುವ ಸಮಯವೇ ಕಡಿಮೆ, ಒಂದನ್ನೇ ಸರಿಯಾಗಿ ಓದಬಾರದಾ ಅಂತ. ಓದುತ್ತಾ ಹೋದ ಹಾಗೆ ನನಗೆ ಗಟ್ಟಿಯಾಗಿರುವುದು ಒಂದೇ ಮಾತು: ಯಾವುದಾದರೂ ಒಂದನ್ನು ಬಿಟ್ಟರೆ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಅಮೆರಿಕದ ಶಿಕಾಗೋ ನಗರದ ಬಿಸಿಗಾಳಿ. 1995ರ ಜುಲೈ. ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಯಾಕೆ ಅಂತ ವಿಜ್ಞಾನದ ಪಾಠ ಚೆನ್ನಾಗಿಯೇ ಹೇಳುತ್ತದೆ. ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಜೊತೆಗೆ ಗಾಳಿಯಲ್ಲಿ ತೇವ ಜಾಸ್ತಿ. ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು, ಡಾಂಬರು ರಾತ್ರಿಯಿಡೀ ಶಾಖ ಬಿಡುತ್ತಲೇ ಇರುತ್ತವೆ, ಹಾಗಾಗಿ ಕತ್ತಲಾದ ಮೇಲೂ ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡುವು ಸಿಗುವುದಿಲ್ಲ. ಸರಿ. ಆದರೆ ಅದೇ ಬಿಸಿಲಿನಲ್ಲಿ ಇಡೀ ನಗರವೇ ಇತ್ತಲ್ಲ, ಸತ್ತವರು ಯಾರು? ಹೆಚ್ಚಿನವರು ವಯಸ್ಸಾದವರು, ಬಡವರು, ಒಂಟಿಯಾಗಿ ಬದುಕುತ್ತಿದ್ದವರು. ಮನೆಯಲ್ಲಿ ಏಸಿ ಇಲ್ಲದವರು. ಕಳ್ಳಕಾಕರ ಭಯಕ್ಕೆ ಕಿಟಕಿ ತೆರೆಯಲೂ ಹಿಂಜರಿದವರು ಅವರಲ್ಲಿ ಇದ್ದರು. ಥರ್ಮಾಮೀಟರ್‌ನಲ್ಲಿ ಇದು ಯಾವುದೂ ಕಾಣುವುದಿಲ್ಲ.

1999ರಲ್ಲಿ ಅದೇ ನಗರಕ್ಕೆ ಮತ್ತೆ ಬಿಸಿಗಾಳಿ ಬಂತು. ಈ ಸಲ ಆಡಳಿತ ಮೊದಲೇ ಎಚ್ಚರಿಕೆ ಕೊಟ್ಟಿತು, ಒಂಟಿ ವೃದ್ಧರಿಗೆ ಫೋನ್ ಮಾಡಿಸಿತು, ಮನೆ ಬಾಗಿಲಿಗೆ ಜನ ಕಳಿಸಿತು, ತಂಪು ಕೇಂದ್ರಗಳನ್ನು ತೆರೆದು ಅಲ್ಲಿಗೆ ಹೋಗಲು ಉಚಿತ ಬಸ್ ಬಿಟ್ಟಿತು. ಆಗಲೂ ಜನ ಸತ್ತರು, ಆದರೆ 1995ಕ್ಕಿಂತ ಬಹಳ ಕಡಿಮೆ. ಒಂದು ಫೋನ್ ಕರೆ ಜೀವ ಉಳಿಸುತ್ತದೆ ಅನ್ನುವುದು ಹವಾಮಾನದ ಪಾಠವಾ, ಸಮಾಜದ ಪಾಠವಾ? ಇದನ್ನು ಓದಿದ ಮೇಲೆ ನನಗೆ ಎರಡೂ ವಿಷಯಗಳನ್ನು ಬೇರೆ ಬೇರೆ ನೋಟ್‌ಬುಕ್‌ನಲ್ಲಿ ಬರೆಯುವುದೇ ಆಗಲಿಲ್ಲ.

ಓಜೋನ್ ಕಥೆಯೂ ಹಾಗೇ. ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಜೋನ್ ಪದರವನ್ನು ಹಾಳು ಮಾಡಬಹುದು ಅಂತ ರಸಾಯನ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಬರೆದರು. ಅಂಟಾರ್ಕ್ಟಿಕಾದ ಮೇಲೆ ರಂಧ್ರ ಕಂಡಿದೆ ಅಂತ 1985ರಲ್ಲಿ ವರದಿ ಬಂತು, 1987ರಲ್ಲಿ ಆ ಅನಿಲಗಳನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದ ಆಯಿತು. ಶಾಲೆಯಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಬಡ ದೇಶಗಳಿಗೆ ಹೆಚ್ಚು ವರ್ಷ ಕಾಲಾವಕಾಶ ಕೊಟ್ಟರು, ಆಮೇಲೆ ಅವರ ಬದಲಾವಣೆಯ ಖರ್ಚಿಗೆ ಒಂದು ನಿಧಿಯನ್ನೂ ಮಾಡಿದರು. ಒಪ್ಪಂದ ಬಾಳಿದ್ದಕ್ಕೆ ಇದು ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ಇದರ ಪಕ್ಕದಲ್ಲಿ 2018ರ ಫ್ರಾನ್ಸ್ ಇಟ್ಟು ನೋಡಿ. ಇಂಧನದ ಮೇಲಿನ ತೆರಿಗೆ ಏರಿಸಲು ಹೊರಟರು. ಇಂಗಾಲ ಕಡಿಮೆ ಮಾಡುವ ಉದ್ದೇಶ ಸರಿಯೇ. ಆದರೆ ಬಸ್ಸು, ರೈಲು ಇಲ್ಲದ ಕಡೆ ಇದ್ದು, ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದವರು ಹಳದಿ ಜಾಕೆಟ್ ಹಾಕಿಕೊಂಡು ಬೀದಿಗಿಳಿದರು, ಸರ್ಕಾರ ಆ ಏರಿಕೆಯನ್ನು ಕೈಬಿಡಬೇಕಾಯಿತು. ಹೊರೆ ಯಾರ ಮೇಲೆ ಬೀಳುತ್ತದೆ ಅಂತ ಮೊದಲೇ ಕೇಳದಿದ್ದರೆ ಒಳ್ಳೆಯ ವಿಜ್ಞಾನವೂ ಸೋಲುತ್ತದೆ.

ಇನ್ನು ವಯಸ್ಸಾದ ಮೇಲೆ ಓದುವುದರ ಬಗ್ಗೆ. ಸಾಮಾಜಿಕ ನೀತಿಯ ತರಗತಿಯಲ್ಲಿ ನಮ್ಮಂಥವರಿಗೆ ಒಂದು ಬಲ ಇದೆ. ಬಾಡಿಗೆ ಕಟ್ಟಿದ್ದೇವೆ, ಅರ್ಜಿ ಹಿಡಿದು ಕಾದಿದ್ದೇವೆ, ಆಸ್ಪತ್ರೆಯಲ್ಲಿ ಮನೆಯವರ ಪಕ್ಕ ಕೂತಿದ್ದೇವೆ. ಒಂದು ಸೌಲಭ್ಯ ಕಾಗದದ ಮೇಲೆ ಇರುವುದಕ್ಕೂ ಕೈಗೆ ಸಿಗುವುದಕ್ಕೂ ಎಷ್ಟು ದೂರ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಅನುಭವವನ್ನು ಪ್ರಬಂಧದಲ್ಲಿ ತರಲು ಹೆದರಬೇಡಿ, ಆದರೆ ಅದನ್ನೇ ಸಾಕ್ಷ್ಯ ಅಂತ ಇಡಬೇಡಿ, ಅದರಿಂದ ಪ್ರಶ್ನೆ ಹುಟ್ಟಲಿ, ಉತ್ತರ ಅಂಕಿಅಂಶದಿಂದ ಬರಲಿ.

ವಿಜ್ಞಾನದ ಕಡೆ ಕಷ್ಟ ಬೇರೆ ಥರ. ಲಾಗರಿದಮ್, ಮೋಲ್, ಯೂನಿಟ್ ಬದಲಾವಣೆ ಎಲ್ಲ ಮರೆತು ಎಷ್ಟೋ ವರ್ಷ ಆಗಿರುತ್ತದೆ. ಇದಕ್ಕೆ ವಾರಾಂತ್ಯದಲ್ಲಿ ಒಂದೇ ಸಲ ಕೂತು ಓದುವುದು ಕೆಲಸಕ್ಕೆ ಬರುವುದಿಲ್ಲ. ದಿನಾ ಸ್ವಲ್ಪ ಲೆಕ್ಕ ಮಾಡಬೇಕು, ಸಂಗೀತಗಾರರು ದಿನಾ ಸರಳೆ ಹಾಡುವ ಹಾಗೆ. ಮತ್ತೆ ಪ್ರಯೋಗ ಸಿಕ್ಕಿದಾಗ ಬಿಡಬೇಡಿ! ನೀರು ಎಷ್ಟು ಕೊಳಕಾಗಿದೆ ಅಂತ ನೋಡುವ ಬಿಓಡಿ ಪರೀಕ್ಷೆ ಪುಸ್ತಕದಲ್ಲಿ ಒಂದು ಸಾಲು ಅಷ್ಟೇ: ನೀರಿನ ಮಾದರಿಯನ್ನು 20 ಡಿಗ್ರಿಯಲ್ಲಿ, ಕತ್ತಲಲ್ಲಿ, 5 ದಿನ ಇಟ್ಟು ಎಷ್ಟು ಆಮ್ಲಜನಕ ಕಡಿಮೆಯಾಯಿತು ಅಂತ ಅಳೆಯುವುದು. ಆದರೆ ಕೊಳಕು ತಿನ್ನುವ ಸೂಕ್ಷ್ಮಜೀವಿಗಳೇ ನೀರಿನ ಉಸಿರು ಖಾಲಿ ಮಾಡುತ್ತವೆ, ಮೀನು ಸಾಯುವುದು ಹಾಗೆ ಅನ್ನುವುದು ಕೈಯಾರೆ ಅಳೆದಾಗ ತಲೆಗೆ ಇಳಿಯುವಷ್ಟು ಬೇರೆ ಯಾವುದರಿಂದಲೂ ಇಳಿಯುವುದಿಲ್ಲ.

ಪಾರ್ಟ್‌ಟೈಮ್ ಅಂದರೆ ವರ್ಷಗಳು ಜಾಸ್ತಿ ಹಿಡಿಯುತ್ತವೆ, ನಿಜ. ಸಾಧ್ಯವಿದ್ದರೆ ಒಂದು ಸಲಕ್ಕೆ ಒಂದೇ ಮಾಡ್ಯೂಲ್ ತಗೊಳ್ಳಿ. ಅಸೈನ್‌ಮೆಂಟ್ ತಾರೀಖುಗಳನ್ನು ಮನೆಯಲ್ಲೂ ಕೆಲಸದ ಜಾಗದಲ್ಲೂ ಮೊದಲೇ ಹೇಳಿಡಿ. ನಿಧಾನಕ್ಕೆ ಓದುವುದರಲ್ಲಿ ನನಗೆ ಒಂದು ಲಾಭವೂ ಕಂಡಿದೆ. ಒಂದು ವಿಷಯ ಓದಿದ ಮೇಲೆ ಅದನ್ನು ಸುದ್ದಿಯಲ್ಲಿ, ಕೆಲಸದಲ್ಲಿ, ಬೀದಿಯಲ್ಲಿ ನೋಡಿ ಯೋಚಿಸಲು ಸಮಯ ಸಿಗುತ್ತದೆ. ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ, ಅಂದರೆ ಪಿಎಂ 2.5ರ ಮಿತಿಯನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 10 ಮೈಕ್ರೋಗ್ರಾಂ ಅಂದಿತ್ತು, 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಅದು ಸಲಹೆ ಮಾತ್ರ, ಕಾನೂನಿನ ಮಿತಿಯನ್ನು ಪ್ರತಿ ದೇಶವೂ ತಾನೇ ಹಾಕಿಕೊಳ್ಳುತ್ತದೆ. ಸಲಹೆಯ ಸಂಖ್ಯೆಗೂ ಕಾನೂನಿನ ಸಂಖ್ಯೆಗೂ ನಡುವಿನ ಜಾಗದಲ್ಲೇ ನನ್ನ ಎರಡೂ ವಿಷಯಗಳು ಇವೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಸ್ಟ್ಯಾಟಿಸ್ಟಿಕ್ಸ್ ಅಂತೀನಿ. ಎರಡೂ ಕಡೆ ಬೇಕು. ಯಾವ ವರದಿ ಓದಿದರೂ ಸರಾಸರಿಯ ಹತ್ತಿರ ನಿಲ್ಲಬೇಡಿ. ವಯಸ್ಸು, ಆದಾಯ, ವಾಸದ ಜಾಗ ಅಂತ ಬಿಡಿಸಿ ಕೊಟ್ಟ ಕೋಷ್ಟಕ ಇದೆಯಾ ಹುಡುಕಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಟ್ಯೂಟರ್ ಹತ್ತಿರ ಕೇಳಿ.