ರಾಕೆಟ್ ಅಲ್ಲ ಮಾರಾಯ್ರೆ, ಬೆಣ್ಣೆಹಣ್ಣಿನ ಮರ

ಜುಲೈ ಬಂತೆಂದರೆ ನಮ್ಮ ಕೊಡಗಿನ ಸುಂಟಿಕೊಪ್ಪದ ಕಡೆ ತೋಟದಲ್ಲಿ ಕೆಲಸ ಅಷ್ಟಕ್ಕಷ್ಟೇ. ಕರೆಂಟು ಇದ್ದಷ್ಟು ಹೊತ್ತು ಫೋನು, ಇಲ್ಲದಿದ್ದರೆ ಒಲೆಯ ಮುಂದೆ ಹರಟೆ. ಈ ಸಲದ ಮಳೆಗಾಲದಲ್ಲಿ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುತ್ತು ಹೊಡೆದದ್ದು ಮಧ್ಯ ಅಮೆರಿಕದ ಮಾಯಾ ಎಂಬ ಪುರಾತನ ಜನಾಂಗದ ರಾಜನೊಬ್ಬನ ಕಲ್ಲಿನ ಶವಪೆಟ್ಟಿಗೆಯ ವಿಡಿಯೋ. ಅದರ ಮುಚ್ಚಳದ ಮೇಲೆ ಕೆತ್ತಿದವನು ರಾಕೆಟ್ ಓಡಿಸುತ್ತಿದ್ದಾನಂತೆ. ಕೈಯಲ್ಲಿ ಗೇರು, ಕಾಲಡಿ ಪೆಡಲು, ಹಿಂದೆ ಬೆಂಕಿ. ಜೊತೆಗೆ ಎದೆ ನಡುಗಿಸುವ ಸಂಗೀತ.

ನನಗೆ ಸಿಟ್ಟು ಬಂದದ್ದು ಆ ಮುಚ್ಚಳ ನೋಡಿ ಅಲ್ಲ. ಪೆಟ್ಟಿಗೆಯ ಪಕ್ಕದ ಗೋಡೆಗಳನ್ನು ಒಂದು ಕ್ಷಣವೂ ತೋರಿಸಲಿಲ್ಲವಲ್ಲ ಎಂದು. ಆ ಗೋಡೆಗಳ ಮೇಲಿರುವುದು ನಮ್ಮ ಹಿತ್ತಲು.

ಮೊದಲು ಆ ರಾಜನ ಕತೆ ಹೇಳಿಬಿಡುತ್ತೇನೆ. ಊರು ಪಲೆಂಕೆ, ಮೆಕ್ಸಿಕೋದ ದಕ್ಷಿಣ ಭಾಗದ ಚಿಯಾಪಾಸ್ ಎಂಬ ರಾಜ್ಯದಲ್ಲಿದೆ. ರಾಜನ ಹೆಸರು ಪಕಲ್. 615ರಲ್ಲಿ, ಹನ್ನೆರಡನೇ ವಯಸ್ಸಿಗೆ ಪಟ್ಟಕ್ಕೆ ಬಂದವನು 683ರಲ್ಲಿ ಸಾಯುವವರೆಗೂ ಆಳಿದ. ನಮ್ಮಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿ ಇದ್ದ ಕಾಲ ಅದು. 1948ರಲ್ಲಿ ಆಲ್ಬರ್ಟೋ ರೂಸ್ ಎಂಬ ಪುರಾತತ್ವಜ್ಞ ಅಲ್ಲಿನ ಗುಡಿಯ ನೆಲದ ಚಪ್ಪಡಿಯೊಂದರಲ್ಲಿ ತೂತುಗಳಿರುವುದನ್ನು, ಆ ತೂತುಗಳಿಗೆ ಕಲ್ಲಿನ ಬಿರಡೆ ಜಡಿದಿರುವುದನ್ನು ಗಮನಿಸಿದ. ಎತ್ತಿಸಿದರೆ ಕೆಳಗೆ ಮೆಟ್ಟಿಲು, ಮೆಟ್ಟಿಲ ತುಂಬ ಬೇಕೆಂದೇ ತುಂಬಿದ ಕಲ್ಲುಮಣ್ಣು. ಅದನ್ನೆಲ್ಲ ಹೊತ್ತು ಹಾಕಿ ಸಮಾಧಿಯ ಕೋಣೆ ಮುಟ್ಟುವಾಗ 1952. ಒಳಗೆ ಆ ಪೆಟ್ಟಿಗೆ, ಮುಖಕ್ಕೆ ಹಸಿರುಕಲ್ಲಿನ ಮುಖವಾಡ ತೊಟ್ಟ ಪಕಲ್.

ಮುಚ್ಚಳದ ಮೇಲೆ ರಾಜನ ಬೆನ್ನ ಹಿಂದೆ ಎದ್ದು ನಿಂತದ್ದು ಹೊಗೆಯಲ್ಲ, ಮರ. ಲೋಕವನ್ನೇ ಹೊತ್ತು ನಿಂತ ಮರ ಎಂದು ಮಾಯಾ ಜನ ನಂಬಿದ್ದು ಅದು. ಸತ್ತವನು ಅದರ ಬುಡದಲ್ಲಿ ಮರುಹುಟ್ಟು ಪಡೆಯುತ್ತಿದ್ದಾನೆ. ಇನ್ನು ಪಕ್ಕದ ಗೋಡೆಗಳಲ್ಲಿ ಅವನ ತಾಯಿ, ತಂದೆ, ಅವರಿಗೂ ಹಿಂದಿನವರು ನೆಲ ಸೀಳಿಕೊಂಡು ಮೇಲೆ ಬರುತ್ತಿದ್ದಾರೆ. ಒಬ್ಬೊಬ್ಬರ ಹಿಂದೆ ಒಂದೊಂದು ಹಣ್ಣಿನ ಮರ. ಯಾವ ಮರ? ಕೋಕೋ, ಬೆಣ್ಣೆಹಣ್ಣು, ಸೀಬೆ, ಸಪೋಟ. ಸತ್ತ ಹಿರಿಯರು ತೋಟವಾಗಿ ವಾಪಸು ಬರುತ್ತಾರೆ!

ಪಕ್ಕದ ತೋಟದ ಕೊಡವರ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಎದುರು ಕೈಮಡ ಎಂಬ ಹಿರಿಯರ ಗುಡಿ ಇದೆ. ಹಿರಿಯರಿಗೆ ಎಡೆ ಇಡುವ ದಿನ ನಮಗೂ ಕರೆ ಬರುತ್ತದೆ. ಅಜ್ಜಂದಿರು ಇಲ್ಲೇ ಮಣ್ಣಿನಲ್ಲಿದ್ದಾರೆ, ತೋಟ ಕಾಯುತ್ತಿದ್ದಾರೆ ಎಂಬ ಮಾತು ಅಲ್ಲಿ ಯಾರಿಗೂ ವಿಚಿತ್ರವಲ್ಲ. ಆ ಮನೆಯವರಿಗೆ ಪಕಲನ ಪೆಟ್ಟಿಗೆಯ ಗೋಡೆ ತೋರಿಸಿದ್ದರೆ ರಾಕೆಟ್ಟಿನ ಯೋಚನೆ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ.

ಈಗ ನಮ್ಮ ಹಿತ್ತಲಿಗೆ ಬನ್ನಿ. ಕಣದ ಅಂಚಿನಲ್ಲಿ ಬೆಣ್ಣೆಹಣ್ಣಿನ ಎರಡು ಮರ. ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಮಳೆ ಬಡಿಯುವ ಹೊತ್ತಿಗೇ, ಕಾಯಿ ಬಲಿಯುತ್ತದೆ. ಜಾರುವ ಮರ ಹತ್ತುವವರಿಲ್ಲ. ದೋಟಿಗೆ ಬಲೆ ಕಟ್ಟಿ ಕಿತ್ತರೂ ಬಿದ್ದ ಕಾಯಿಗೆ ಪೆಟ್ಟಾದರೆ ವ್ಯಾಪಾರಿ ಮುಟ್ಟುವುದಿಲ್ಲ. ಹತ್ತಿರದ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರ ಈ ಹಣ್ಣಿನ ತಳಿಗಳನ್ನೇ ಬಿಡುಗಡೆ ಮಾಡಿದೆ, ಒಂದರ ಹೆಸರು ಅರ್ಕಾ ಕೂರ್ಗ್ ರವಿ. ಬೆಂಗಳೂರಿನಲ್ಲಿ ಈಗ ಇದನ್ನು ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರಂತೆ. ನಾವು ಚಿಕ್ಕಂದಿನಲ್ಲಿ ಸಕ್ಕರೆ ಹಾಕಿ ಕಿವುಚಿ ತಿಂದವರು. ಇದರ ತವರು ಮೆಕ್ಸಿಕೋ, ಗ್ವಾಟೆಮಾಲದ ಕಡೆಯ ನೆಲ.

ಸಪೋಟದ ಕತೆ ಇನ್ನೂ ಚೆನ್ನಾಗಿದೆ. ಗ್ವಾಟೆಮಾಲದ ಟಿಕಾಲ್ ಎಂಬ ಮಾಯಾ ನಗರದ ಗುಡಿಗಳ ಬಾಗಿಲ ಮೇಲಿನ ತೊಲೆಗಳು ಸಪೋಟ ಮರದವು. ಅದರ ಮೇಲೆ ಕುಸುರಿ ಕೆತ್ತನೆ ಬೇರೆ. ಕಾಡಿನ ಮಳೆ, ಗೆದ್ದಲು ಎಲ್ಲವನ್ನೂ ತಡೆದುಕೊಂಡು ಸಾವಿರದ ಇನ್ನೂರು ವರ್ಷ ನಿಂತಿವೆ. ಒಂದು ತೊಲೆ ಈಗ ಸ್ವಿಟ್ಜರ್ಲೆಂಡಿನ ಬಾಸೆಲ್ ಮ್ಯೂಸಿಯಂನಲ್ಲಿದೆ. ಅದೇ ಮರದ ಹಾಲಿನಿಂದ ಮೊದಲು ಚ್ಯೂಯಿಂಗ್ ಗಮ್ ಮಾಡುತ್ತಿದ್ದರು. ಆ ಹಾಲು ಇಳಿಸುವ ಕೂಲಿಗಳು ಕಾಡು ಸುತ್ತುತ್ತ ಎಷ್ಟೋ ಪಾಳುನಗರಗಳಿಗೆ ದಾರಿ ತೋರಿಸಿದರು. 1931ರಲ್ಲಿ ವಿಮಾನದಿಂದ ಕಲಕ್ಮುಲ್ ನಗರವನ್ನು ಕಂಡ ಸೈರಸ್ ಲುಂಡೆಲ್ ಕೂಡ ಸಸ್ಯಶಾಸ್ತ್ರಜ್ಞ, ಈ ಸಪೋಟ ಹಾಲಿನ ಕಂಪನಿಗೆ ಕೆಲಸ ಮಾಡುತ್ತಿದ್ದವನು. ನಮ್ಮ ಸಪೋಟ ಮರವನ್ನು ಕಂಡರೆ ನಮ್ಮ ಮಾವನಿಗೆ ಆಗುತ್ತಿರಲಿಲ್ಲ, ಬಾವಲಿ ಬಂದು ಕಣವೆಲ್ಲ ಗಲೀಜು ಮಾಡುತ್ತವೆ ಎಂದು.

ಮಾವನದೇ ಇನ್ನೊಂದು ಸಾಹಸ ವೆನಿಲ್ಲಾ. ಎರಡು ಸಾವಿರದ ಶುರುವಿನಲ್ಲಿ ಕೊಡಗಿನಲ್ಲಿ ಆ ಬಳ್ಳಿಯ ಹುಚ್ಚು ಹಿಡಿಯದ ಮನೆ ಕಡಿಮೆ. ಅದೂ ಮೆಕ್ಸಿಕೋ ಕಡೆಯದೇ ಬಳ್ಳಿ. ಅಲ್ಲಿ ಅದರ ಹೂವಿಗೆ ಬರುವ ಜೇನ್ನೊಣ ಇಲ್ಲಿಲ್ಲವಾದ್ದರಿಂದ ಪರಾಗಸ್ಪರ್ಶ ನಮ್ಮ ಕೈಯಲ್ಲೇ ಆಗಬೇಕು. ಹೂ ಅರಳುವುದು ಒಂದೇ ಬೆಳಗ್ಗೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಬೆಂಕಿಕಡ್ಡಿ ಚೂಪು ಮಾಡಿಕೊಂಡು, ಹೂವಿನೊಳಗಿನ ತೆಳು ಪೊರೆ ಎತ್ತಿ, ಹಳದಿ ಪುಡಿಯ ಉಂಡೆಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಬೇಕು. ಎಡಗೈಯಲ್ಲಿ ಹೂ, ಬಲಗೈಯಲ್ಲಿ ಕಡ್ಡಿ, ಸೆರಗಿನ ಮೇಲೆ ಇರುವೆ. ಈ ಉಪಾಯ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಹುಡುಗ, 1841ರಲ್ಲಿ. ಆಮೇಲೆ ದರ ಬಿತ್ತು, ಬಳ್ಳಿ ಕೊಳೆಯಿತು, ಮಾವ ಕರಿಮೆಣಸಿಗೆ ವಾಪಸಾದರು.

ಅಣ್ಣನ ಮಗ ನಮ್ಮಲ್ಲೇ ಇದ್ದುಕೊಂಡು ಕೆಎಎಸ್‌ಗೆ ಓದುತ್ತಿದ್ದಾನೆ. ಅವನ ಸಾಮಾನ್ಯ ಜ್ಞಾನದ ಪುಸ್ತಕದ ಪ್ರಶ್ನೆ ಕೇಳುವ ಕೆಲಸ ನನ್ನದು.

"ಅತ್ತೆ, ಪನಾಮಾ ಕಾಲುವೆಯಲ್ಲಿ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಹಡಗು ಯಾವ ದಿಕ್ಕಿಗೆ ಹೋಗುತ್ತೆ, ನೀವೇ ಹೇಳಿ ನೋಡುವಾ."

"ಪಶ್ಚಿಮಕ್ಕೆ ಅಂತ ಹೇಳಿಸಬೇಕು ಅಂತ ತಾನೆ ನೀನು ಕೇಳ್ತಿರೋದು? ಭೂಪಟ ತಾ ಇಲ್ಲಿ."

ಭೂಪಟ ಬಿಡಿಸಿದರೆ ಹಡಗು ಹೋಗುವುದು ಆಗ್ನೇಯಕ್ಕೆ. ಆ ಜಾಗದಲ್ಲಿ ನೆಲ ಹಾವಿನ ಹಾಗೆ ಅಡ್ಡ ಹೊರಳಿದೆ, ಪೆಸಿಫಿಕ್ ಕಡೆಯ ಬಾಯಿ ಅಟ್ಲಾಂಟಿಕ್ ಕಡೆಯ ಬಾಯಿಗಿಂತ ಪೂರ್ವಕ್ಕಿದೆ. ಅಲ್ಲಿಂದ ಕೆಳಗೆ ಬೆರಳಾಡಿಸಿದರೆ ಇನ್ನೊಂದು ತಮಾಷೆ: ಪೆಸಿಫಿಕ್ ದಂಡೆಯ ಲಿಮಾ, ಅಟ್ಲಾಂಟಿಕ್ ಕಡೆಯ ವಾಷಿಂಗ್ಟನ್ ಎರಡೂ 77 ಡಿಗ್ರಿ ಪಶ್ಚಿಮ ರೇಖಾಂಶದಲ್ಲೇ ಇವೆ. ದಕ್ಷಿಣ ಅಮೆರಿಕ ಉತ್ತರ ಅಮೆರಿಕದ ನೇರ ಕೆಳಗಿಲ್ಲ, ಬಹುಪಾಲು ಪೂರ್ವಕ್ಕೆ ಜಾರಿ ಕೂತಿದೆ. ಹುಡುಗನಿಗೆ ಇದು ನಂಬಲು ಕಷ್ಟವಾಯಿತು. ಕೊಡಗಿನವರಿಗೆ ಕಷ್ಟವಾಗಬಾರದು. ತಲಕಾವೇರಿಯಿಂದ ಅರಬ್ಬೀ ಸಮುದ್ರ ನೇರ ಗೆರೆಯಲ್ಲಿ ಸುಮಾರು 50 ಕಿ.ಮೀ., ಕಾವೇರಿ ಮಾತ್ರ ಅದಕ್ಕೆ ಬೆನ್ನು ಹಾಕಿ 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಇದೇ ಜಿಲ್ಲೆಯ ಬರಪೊಳೆ ಪಶ್ಚಿಮಕ್ಕೆ ಇಳಿದು ಕೇರಳಕ್ಕೆ ಹೋಗುತ್ತದೆ. ಅಮೆಜಾನ್ ಕೂಡ ಪೆಸಿಫಿಕ್ ಪಕ್ಕದ ಆಂಡಿಸ್‌ನಲ್ಲಿ ಹುಟ್ಟಿ ಇಡೀ ಖಂಡ ದಾಟಿ ಅಟ್ಲಾಂಟಿಕ್‌ಗೆ ಹೋಗುವುದು.

ಆವತ್ತು ಓದು ಅಲ್ಲಿಗೇ ನಿಂತಿತು, ಮಾಯಾ ಊರುಗಳನ್ನು ಭೂಪಟದಲ್ಲಿ ಹುಡುಕಲು ಶುರು ಮಾಡಿದೆವು. ಹೊಂಡುರಾಸ್‌ನ ಕೋಪಾನ್ ನಮ್ಮ ಕಾರವಾರದ ಅಕ್ಷಾಂಶದಲ್ಲಿದೆ. ಟಿಕಾಲ್, ಪಲೆಂಕೆ ಹೆಚ್ಚೂಕಡಿಮೆ ಕಲಬುರಗಿಯ ನೇರಕ್ಕೆ. ಗ್ವಾಟೆಮಾಲದಲ್ಲಿ ಬೆಳಗ್ಗೆ ಏಳಾದಾಗ ನಮಗೆ ಸಂಜೆ ಆರೂವರೆ. ಮಳೆಯ ಲೆಕ್ಕವೂ ನಮ್ಮದನ್ನೇ ಹೋಲುತ್ತದೆ: ಮೇಯಿಂದ ಸುರಿಯುತ್ತದೆ, ಜನವರಿಯಿಂದ ಏಪ್ರಿಲ್‌ವರೆಗೆ ಒಣಗಾಲ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂಮಳೆ ಬಾರದೆ, ಕೆರೆಯಲ್ಲಿ ಸ್ಪ್ರಿಂಕ್ಲರಿಗೆ ಎಷ್ಟು ನೀರು ಉಳಿದಿದೆ ಎಂದು ದಿನಾ ಇಣುಕಿದವರಿಗೆ ಒಣಗಾಲ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಅವರ ಪಾಡು ನಮಗಿಂತ ಕಷ್ಟದ್ದು. ಮೆಕ್ಸಿಕೋದ ಯುಕಾಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ನದಿಗಳೇ ಇಲ್ಲ. ಸುಣ್ಣಕಲ್ಲಿನ ನೆಲ, ಬಿದ್ದ ಮಳೆ ನೇರ ಪಾತಾಳಕ್ಕೆ. ಕಲ್ಲಿನ ಮಾಡು ಕುಸಿದು ನೆಲದಡಿಯ ನೀರು ಕಣ್ಣಿಗೆ ಬಿದ್ದ ಕಡೆ ಸೆನೋಟೆ ಎಂಬ ಕೊಳ. ಚಿಚೆನ್ ಇಟ್ಜಾ ಎಂಬ ಮಾಯಾ ನಗರ ಬೆಳೆದದ್ದು ಅಂಥ ಕೊಳಗಳ ಪಕ್ಕದಲ್ಲಿ. ಭೂಪಟದಲ್ಲಿ ಈ ಕೊಳಗಳನ್ನು ಗುರುತು ಹಾಕುತ್ತ ಹೋದರೆ ಒಂದು ದೊಡ್ಡ ಅರ್ಧ ಬಳೆ ಮೂಡುತ್ತದೆ. 6.6 ಕೋಟಿ ವರ್ಷಗಳ ಹಿಂದೆ ಡೈನೊಸಾರ್‌ಗಳ ಕಾಲ ಮುಗಿಸಿದ ಆಕಾಶದ ಬಂಡೆ ಬಿದ್ದದ್ದು ಅಲ್ಲೇ. ಸುಮಾರು 180 ಕಿ.ಮೀ. ಅಗಲದ ಆ ಗುಂಡಿ ಮಣ್ಣಡಿ ಹೂತಿದೆ, ಅರ್ಧ ಸಮುದ್ರದಲ್ಲಿದೆ. ಅದರ ಅಂಚಿನಲ್ಲಿ ಕಲ್ಲು ಬಿರುಕು ಬಿಟ್ಟ ಕಡೆ ಈ ಕೊಳಗಳು ಸಾಲುಗಟ್ಟಿವೆ. ಆಕಾಶದಿಂದ ನಿಜವಾಗಿಯೂ ಏನಾದರೂ ಬಂದಿದ್ದರೆ ಇದು. ರಾಕೆಟ್ ವಿಡಿಯೋದವರಿಗೆ ಇದು ಸಾಲದೆ ಹೋಯಿತು ನೋಡಿ.

ಟಿಕಾಲಿನಲ್ಲಿ ಕೊಳವೂ ಇಲ್ಲ, ಹೊಳೆಯೂ ಇಲ್ಲ. ಅಂಗಳಗಳಿಗೆ ಗಾರೆ ಮಾಡಿ, ಇಳಿಜಾರು ಕೊಟ್ಟು, ಮಳೆನೀರನ್ನೆಲ್ಲ ಕಟ್ಟೆಗಳಿಗೆ ತಿರುಗಿಸಿದ್ದರು. ಒಂದು ಕೆರೆಯಲ್ಲಿ ನೀರು ಸೋಸಲು ಜಿಯೊಲೈಟ್ ಎಂಬ ಖನಿಜವನ್ನೂ ಬೆಣಚುಕಲ್ಲಿನ ಮರಳನ್ನೂ ದೂರದಿಂದ ಹೊತ್ತು ತಂದು ಹಾಕಿದ್ದು 2020ರಲ್ಲಿ ಗೊತ್ತಾಯಿತು. ಎರಡು ಸಾವಿರ ವರ್ಷದ ಹಿಂದಿನ ಫಿಲ್ಟರ್! ಅದೇ ವರ್ಷ ಬಂದ ಇನ್ನೊಂದು ಸುದ್ದಿ ಅಷ್ಟು ಹಿತವಲ್ಲ. ಅರಮನೆ ಪಕ್ಕದ ಕಟ್ಟೆಗಳ ಹೂಳಿನಲ್ಲಿ ಪಾದರಸ ಸಿಕ್ಕಿತು, ವಿಷದ ಪಾಚಿಯ ಗುರುತೂ ಸಿಕ್ಕಿತು. ಗೋಡೆಗೆ ಬಳಿದ ಕೆಂಪು ಬಣ್ಣ ಪಾದರಸದ ಅದಿರಿನದು, ಮಳೆಗೆ ತೊಳೆದು ಕೆರೆಗೆ ಇಳಿದಿತ್ತು. ಒಂಬತ್ತನೇ ಶತಮಾನದ ಬರಗಾಲಗಳ ನಡುವೆ ಕುಡಿಯುವ ನೀರೂ ಹೀಗಾದ ಮೇಲೆ ಊರು ಖಾಲಿಯಾಗದೆ ಇನ್ನೇನು? ಟಿಕಾಲಿನಲ್ಲಿ ಕೊನೆಯ ತಾರೀಖು ಕೆತ್ತಿದ ಕಲ್ಲು 869ರದು.

'ಕಾಡಿನಲ್ಲಿ ಕಳೆದುಹೋದ ನಗರ' ಎಂಬ ಮಾತೂ ನನಗೆ ಹಿಡಿಸುವುದಿಲ್ಲ. ವಿಮಾನದಿಂದ ಲೇಸರ್ ಬಿಟ್ಟು ಎಲೆಗಳ ಸಂದಿಯಲ್ಲಿ ನೆಲ ಅಳೆಯುವ ಲೈಡಾರ್ ಬಂದ ಮೇಲೆ, ಉತ್ತರ ಗ್ವಾಟೆಮಾಲದ 2,100 ಚದರ ಕಿ.ಮೀ. ಕಾಡಿನಡಿ 60,000ಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿದೆ ಎಂದು 2018ರಲ್ಲಿ ಹೇಳಿದರು. ಕೊಡಗು ಜಿಲ್ಲೆಯ ಅರ್ಧದಷ್ಟು ಜಾಗ ಅದು. ಮನೆ, ರಸ್ತೆ, ಕಾಲುವೆ, ಮೆಟ್ಟಿಲುಗದ್ದೆ. 2024ರಲ್ಲಿ ಪ್ರಕಟವಾದ, ಮೆಕ್ಸಿಕೋದ ವಲೆರಿಯಾನಾ ನಗರದ ಕತೆಯಂತೂ ಇನ್ನೂ ಸ್ವಾರಸ್ಯ. ಲ್ಯೂಕ್ ಆಲ್ಡ್-ಥಾಮಸ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಅದು ಸಿಕ್ಕಿದ್ದು ಇಂಟರ್ನೆಟ್ಟಿನಲ್ಲಿ. ಕಾಡಿನ ಇಂಗಾಲ ಅಳೆಯಲು 2013ರಲ್ಲಿ ಬೇರೆ ಯಾರೋ ಮಾಡಿಟ್ಟಿದ್ದ ಲೈಡಾರ್ ಅಳತೆಯನ್ನು ಹುಡುಕಿ ತೆಗೆದು ನೋಡಿದ, ಪಿರಮಿಡ್ಡುಗಳು ಕಂಡವು. ಆ ಜಾಗ ಹೆದ್ದಾರಿಯಿಂದ ನಡೆದು ಹೋಗುವಷ್ಟೇ ದೂರ, ಜನ ಅದರ ನಡುವೆಯೇ ಬೇಸಾಯ ಮಾಡುತ್ತಿದ್ದಾರೆ. ಕಳೆದುಹೋದದ್ದು ಯಾರಿಗೆ ಹಾಗಾದರೆ? ಮಾಯಾ ಭಾಷೆಗಳನ್ನು ಆಡುವವರು ಇವತ್ತಿಗೂ ಲಕ್ಷಾಂತರ ಮಂದಿ ಇದ್ದಾರೆ. 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಆ ಜನರೇ. ಗ್ವಾಟೆಮಾಲದ ಗುಡ್ಡಗಳಲ್ಲಿ ಕಾಫಿ ಹಣ್ಣು ಕೊಯ್ಯುವ ಕೈಗಳೂ ಬಹಳಷ್ಟು ಅವರದೇ.

ಎಂದಾದರೂ ಆ ಕಡೆ ಹೋಗುವ ಯೋಗ ಬಂದರೆ ನನ್ನ ಆಯ್ಕೆ ಕೋಪಾನ್. ಅಲ್ಲಿನ ಅಕ್ಷರದ ಮೆಟ್ಟಿಲುಸಾಲಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಲಿಪಿಚಿಹ್ನೆಗಳಿವೆ, ಮಾಯಾ ಬರಹಗಳಲ್ಲೇ ಅತಿ ಉದ್ದದ್ದು. ಕುಸಿದುಬಿದ್ದಿದ್ದ ಕಲ್ಲುಗಳನ್ನು 1930ರ ದಶಕದಲ್ಲಿ ಮತ್ತೆ ಜೋಡಿಸಿದವರಿಗೆ ಲಿಪಿ ಓದಲು ಬರುತ್ತಿರಲಿಲ್ಲ, ಹಾಗಾಗಿ ಮೇಲಿನ ಸಾಲುಗಳೆಲ್ಲ ಅದಲುಬದಲು. ಪಕ್ಕದಲ್ಲಿ ಹರಿಯುತ್ತಿದ್ದ ಕೋಪಾನ್ ಹೊಳೆ ಗುಡಿಗಳಿದ್ದ ದಿಬ್ಬವನ್ನೇ ಒಂದು ಮಗ್ಗುಲಿನಿಂದ ಕೊರೆದು ತಿಂದಿತ್ತು, ಕೊನೆಗೆ ಹೊಳೆಯನ್ನೇ ಬೇರೆ ಕಡೆ ತಿರುಗಿಸಬೇಕಾಯಿತು. ಕೊರೆದ ಗೋಡೆಯಲ್ಲಿ ಕಟ್ಟಡದ ಮೇಲೆ ಕಟ್ಟಡ ಕಟ್ಟಿದ ಪದರಗಳು ಕಾಣುತ್ತವಂತೆ. 2018ರ ಆಗಸ್ಟ್ ಕಂಡ ನಮಗೆ, ನೀರು ಗುಡ್ಡಕ್ಕೆ ಏನು ಮಾಡುತ್ತದೆ ಎಂದು ಗೊತ್ತು. ಅದನ್ನು ಮೊದಲು ನೋಡುತ್ತೇನೆ. ಆಮೇಲೆ ಪಕ್ಕದ ಯಾವುದಾದರೂ ಕಾಫಿ ತೋಟಕ್ಕೆ ಹೋಗಿ ಗಿಡಕ್ಕೆ ಎಷ್ಟು ಕೆಜಿ ಹಣ್ಣು ಬರುತ್ತದೆ, ಕೊಯ್ಲಿಗೆ ಕೂಲಿ ಎಷ್ಟು, ನೆರಳಿಗೆ ಯಾವ ಮರ ಬಿಟ್ಟಿದ್ದಾರೆ ಎಂದು ವಿಚಾರಿಸಬೇಕು. ಅಣ್ಣನ ಮಗ ಈಗಲೇ ಸ್ಪ್ಯಾನಿಷ್‌ನಲ್ಲಿ ಎಣಿಸಲು ಕಲಿಯುತ್ತಿದ್ದಾನೆ. ಕೆಎಎಸ್‌ಗೆ ಅದು ಬರುವುದಿಲ್ಲ ಎಂದು ನಾನು, ಬಂದರೂ ಬರಬಹುದು ಎಂದು ಅವನು.